ಕಾಗದದ ಬಳೆಯಲ್ಲೊಂದು ಗುಳಿ

ಮಧ್ಯಾಹ್ನ ಮೂರಕ್ಕೆ ಮಳೆ ಬಂತು, ಮೂರೂಕಾಲಿಗೆ ಕರೆಂಟು ಹೋಯಿತು. ಮಳೆ, ಕರೆಂಟು ಇಬ್ಬರಿಗೂ ಸೇರಿ ಇರುವುದು ಒಂದೇ ಕುರ್ಚಿ ಎಂಬಂತೆ, ಒಬ್ಬರು ಬಂದರೆ ಇನ್ನೊಬ್ಬರು ಎದ್ದು ಹೋಗುವುದು ಆ ಬೀದಿಯ ವಾಡಿಕೆ. ಗ್ಯಾರೇಜಿನ ಲೇತು ‘ಊಂ…’ ಎಂದು ರಾಗ ಎಳೆಯುತ್ತ ಸುತ್ತಿ ಸುತ್ತಿ ನಿಂತಿತು. ತಗಡಿನ ಮಾಡಿನ ಮೇಲೆ ಯಾರೋ ಡಬ್ಬಿಗಟ್ಟಲೆ ಮೊಳೆ ಸುರಿಯುತ್ತಿರುವಂತೆ ಸದ್ದು. ವೆಲ್ಡರು ಮುಖದ ಗುರಾಣಿ ತೆಗೆದಿಟ್ಟು, “ಇನ್ನು ಕಿಡಿ ಹಾರಿಸೋಕೆ ನನಗೆ ಬಾಯೊಂದೇ ಗತಿ” ಎಂದು ಹಳೇ ಟೈರಿನ ಮೇಲೆ ಕೂತ.

ಅಜ್ಜಿಯ ಮನೆತನದ ಗ್ಯಾರೇಜು ನಡೆಸುವ ಮೊಮ್ಮಗಳಿಗೆ ಮಾತ್ರ ನಗು ಬರಲಿಲ್ಲ. ಅವಳ ಮುಂದೆ ಔಷಧಿ ಅಂಗಡಿಯವರ ಗೇರಿಲ್ಲದ ಸ್ಕೂಟರು ಎಡಗಡೆ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದರ ಬೆಲ್ಟು ಮೇಜಿನ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು. ತಿಂಗಳಲ್ಲಿ ಇದು ಮೂರನೆಯ ಸಲ. ಬೆಲ್ಟು ಹೊಸದು, ಅದು ಸುತ್ತುವ ಎರಡು ಗಾಲಿಗಳೂ ನುಣುಪು, ಒಳಗಿನ ಗುಂಡುಗಳು ಗುಂಡಗೇ ಇದ್ದವು. ಆದರೂ ಸದ್ದು ಹೋಗಿರಲಿಲ್ಲ.

“ಮೂರನೇ ಸಲ ಕಣಮ್ಮ” ಎಂದರು ಔಷಧಿ ಅಂಗಡಿಯವರು, ಗೋಣಿ ಹಾಸಿದ ಬೆಂಚಿನ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತ. “ನಾನು ಮೂರು ಸಲ ಮಾತ್ರೆ ಕೊಟ್ಟೂ ಕೆಮ್ಮು ನಿಲ್ಲದಿದ್ರೆ ಜನ ಬೇರೆ ಅಂಗಡಿ ನೋಡ್ಕೊಳ್ತಾರೆ.”

“ಈ ಸಲವೂ ಸದ್ದು ಬಂದ್ರೆ ಬೋರ್ಡು ಇಳಿಸಿಬಿಡ್ತೀನಿ ಸಾರ್” ಎಂದಳು ಮೊಮ್ಮಗಳು. ಹೇಳಿದ ಮೇಲೆ ಬಾಗಿಲ ಮೇಲಿನ ಬೋರ್ಡಿನ ಕಡೆ ನೋಡಿದಳು. ಆ ಬೋರ್ಡು ಬರೆಸಿದ್ದು ಅವಳಲ್ಲ, ಅಜ್ಜಿಯ ಅಪ್ಪ.

ಅಜ್ಜಿ ಅಲ್ಲೇ ಮೂಲೆಯಲ್ಲಿದ್ದರು. ಎಂಬತ್ತು ಹತ್ತಿರವಾದ ಮೇಲೆ ಕಣ್ಣು ಕೈಕೊಟ್ಟಿದ್ದರೂ ಕೈ ಕಣ್ಣಿನ ಕೆಲಸ ಮಾಡುತ್ತಿತ್ತು. ತಟ್ಟೆಯಲ್ಲಿ ಕಲಸಿಹೋದ ನಟ್ಟುಗಳನ್ನು ಬೆರಳಲ್ಲೇ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕುವುದು ಅವರ ದಿನಚರಿ. ಟಿಣ್, ಟಿಣ್ ಎಂದು ಆ ಸದ್ದು ನಡೆದೇ ಇತ್ತು.

“ಎಂಥಾ ಸದ್ದು ಸ್ವಾಮಿ?” ಎಂದರು ಅಜ್ಜಿ.

“ಟಕ್ ಅಂತ ಅಜ್ಜಿ. ಮೊದಲು ಎಂಜಿನ್ ಜೋರಾಗಿ ಓಡತ್ತೆ, ಗಾಡಿ ಮಾತ್ರ ನಿಂತಲ್ಲೇ ನಿಂತಿರತ್ತೆ. ಆಮೇಲೆ ಟಕ್… ಟಕ್… ಟಕ್ ಅಂತ ಹೊರಡತ್ತೆ. ತಮಾಷೆ ಅಂದ್ರೆ ಒಂದೇ ಜಾಗದಲ್ಲಿ. ಹಳೇ ತಾಂತ್ರಿಕ ಶಾಲೆ ಗೇಟಿದೆಯಲ್ಲ, ಆ ತಿರುವಿನಲ್ಲಿ. ಅದೂ ಸಾಯಂಕಾಲ ಐದರ ಹೊತ್ತಿಗೆ.”

ನಟ್ಟುಗಳ ಟಿಣ್ ಸದ್ದು ನಿಂತುಹೋಯಿತು.

ಮೊಮ್ಮಗಳು ತಲೆಯೆತ್ತಿ ನೋಡಿದಳು. ಅಜ್ಜಿಯ ಬೆರಳುಗಳ ನಡುವೆ ಒಂದು ನಟ್ಟು ಹಾಗೇ ಇತ್ತು, ಅಳತೆ ಮರೆತುಹೋದಂತೆ. ಆ ತಿರುವಿನ ದಾರಿಯಲ್ಲಿ ಅಜ್ಜಿ ಹೋದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗಲೂ ಕೆರೆ ಸುತ್ತಿ, ಎರಡರಷ್ಟು ದೂರ ಹೋಗಿಬರುತ್ತಿದ್ದರು. ಇಳಿಜಾರಿಗೆ ತಲೆ ಸುತ್ತುತ್ತೆ ಅನ್ನುತ್ತಿದ್ದರು. ಆ ತಿರುವಿನಲ್ಲಿ ಇಳಿಜಾರೇ ಇಲ್ಲವೆಂಬುದು ಅವಳಿಗೆ ಈಗ ಹೊಳೆಯಿತು.

“ಅಜ್ಜಿ, ಏನಾದ್ರೂ ದೆವ್ವಗಿವ್ವ ಇದೆಯಾ ಅಲ್ಲಿ?” ಎಂದ ವೆಲ್ಡರು, ನಗುತ್ತ.

“ದೆವ್ವ ಅನ್ನಬೇಡ ಕಣೋ. ನಮ್ಮ ಚಿಕ್ಕಪ್ಪ ಅವರು” ಎಂದರು ಅಜ್ಜಿ.

ಆಮೇಲೆ ಶಾಲು ಹೊದ್ದುಕೊಂಡು, ಮಳೆಗಿಂತ ಒಂದು ಶ್ರುತಿ ಮೇಲೆ ದನಿ ಎತ್ತಿ ಶುರುಮಾಡಿದರು.

“ಕೇಳಿ… ನಿಮಗೆಲ್ಲ ಗೇರಿಲ್ಲದ ಗಾಡಿ ಅಂದ್ರೆ ಈಗ ನಿನ್ನೆ ಮೊನ್ನೆ ಬಂದಿದ್ದು ಅಂತ ಅಲ್ವಾ? ನಮ್ಮಪ್ಪನ ಹತ್ರ ಅರವತ್ತು ವರ್ಷದ ಹಿಂದೇನೇ ಇತ್ತು. ಆಗಲೇ ಅದು ಮುದಿ ಕಾರು… ನಮ್ಮಪ್ಪ ತೊಟ್ಟಿಲಲ್ಲಿದ್ದಾಗ ಓಡಾಡ್ತಿದ್ದ ಕಾರಂತೆ. ಯಾವನೋ ಕೋಳಿ ಸಾಕ್ತಿದ್ದ ಅದರೊಳಗೆ. ಅಪ್ಪ ಕೋಳಿ ಇಳಿಸಿ ಜನ ಹತ್ತಿಸಿದರು. ಕಾರು ಒಂದು, ಕಾರುಬಾರು ನೂರು! ಅದಕ್ಕೆ ಹಲ್ಲುಚಕ್ರ ಒಂದೂ ಇಲ್ಲ. ಹಲ್ಲಿಲ್ಲದ ಗಾಡಿಗೆ ಹಲ್ಲಿಲ್ಲದ ನಾನೇ ಸಾಕ್ಷಿ, ನಗಬೇಡಿ.

“ಮತ್ತೆ ಓಡ್ತಿದ್ದದ್ದು ಹೇಗೆ? ಏಯ್, ಆ ಪೇಂಟ್ ಡಬ್ಬಿ ಮುಚ್ಚಳ ತಗೋ, ಬೆರಳಿನ ಮೇಲಿಟ್ಟು ತಿರುಗಿಸು… ಹಾಂ. ಅದು ಎಂಜಿನ್ ತಿರುಗಿಸೋ ಕಬ್ಬಿಣದ ತಟ್ಟೆ. ಊಟದ ತಟ್ಟೆ ಅಲ್ಲಪ್ಪ, ಓಟದ ತಟ್ಟೆ. ಬೀಸುಕಲ್ಲಿನಷ್ಟು ಅಗಲ. ಈಗ ಈ ಕರೀ ಟೇಪಿನ ಉಂಡೆ ನೆಟ್ಟಗೆ ಅದರ ಮುಖಕ್ಕೆ ತಾಗಿಸು. ಇದು ಹಿಂದಿನ ಗಾಲಿ ಓಡಿಸೋ ಚಕ್ರ. ಮುಚ್ಚಳದ ಅಂಚಿಗೆ ಹಿಡಿದ್ರೆ ಏನಾಗ್ತಿದೆ ನೋಡು… ಭರ್ರಂತ ಓಡತ್ತೆ. ಒಳಗೆ ಒಳಗೆ ಸರಿಸಿದ ಹಾಗೆ ನಿಧಾನ. ನಡು ದಾಟಿಸಿಬಿಟ್ರೆ ಹಿಮ್ಮುಖ! ಗೇರೂ ಇಲ್ಲ, ಗರಗರಾನೂ ಇಲ್ಲ, ಒಂದು ಕೋಲು ಅತ್ತಿತ್ತ ಸರಿಸಿದ್ರೆ ಸಾಕು… ಬೆಣ್ಣೆ ಮೇಲೆ ಬೆರಳು ಆಡಿಸಿದ ಹಾಗೆ.

“ಆದ್ರೆ ಸರಿಯಾಗಿ ನಡುವಿಗೆ ಹಿಡಿದ್ರೆ? ಹಿಡಿದು ನೋಡು. ಮುಚ್ಚಳ ತಿರುಗ್ತಾ ಇದೆ… ಟೇಪು ನಿಂತಿದೆ. ಅಲ್ವಾ? ಜಗತ್ತೆಲ್ಲ ಸುತ್ತಿದ್ರೂ ಆ ಒಂದು ಜಾಗದಲ್ಲಿ ಏನೂ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ. ಅಲ್ಲಿ ಬರೀ ಕಾಯೋದು.”

ವೆಲ್ಡರ ಬೆರಳ ಮೇಲೆ ಮುಚ್ಚಳ ಸುತ್ತುತ್ತಲೇ ಇತ್ತು. ಔಷಧಿ ಅಂಗಡಿಯವರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು.

“ಈಗ ಆ ಚಕ್ರದ ಮೈ ಏನು ಗೊತ್ತಾ? ಕಾಗದ! ರಟ್ಟು ಕತ್ತರಿಸಿ, ಬಳೆ ಮಾಡಿ, ಅಂಟು ಹಚ್ಚಿ, ಒಂದರ ಮೇಲೊಂದು ನಲವತ್ತು ಬಳೆ ಜೋಡಿಸಿ, ಮೂರು ದಿನ ಪ್ರೆಸ್ಸಿನಲ್ಲಿ ಬಿಗಿದು, ಆಮೇಲೆ ಲೇತಿಗೆ ಹಾಕಿ ನುಣ್ಣಗೆ ಮಾಡೋದು. ಕಬ್ಬಿಣದ ಮೇಲೆ ಕಬ್ಬಿಣ ಜಾರತ್ತೆ, ಕಾಗದ ಹಿಡಿಯತ್ತೆ. ಆ ಬಳೆ ಮಾಡೋಳು ನಾನು. ನನ್ನ ವಯಸ್ಸಿನ ಹುಡುಗೀರು ಕೈಗೆ ಬಳೆ ಹಾಕ್ಕೊಳ್ತಿದ್ರು, ನಾನು ಕಾರಿಗೆ ಹಾಕ್ತಿದ್ದೆ. ಕೈಯೆಲ್ಲಾ ಅಂಟು, ಮನೇಲಿ ಯಾರೂ ನನ್ನ ಹತ್ರ ನೀರಿನ ಲೋಟ ಇಸ್ಕೊಳ್ತಿರಲಿಲ್ಲ, ವಾಪಸ್ ಬಿಡಿಸ್ಕೊಳ್ಳೋದು ಕಷ್ಟ ಅಂತ.

“ಕಾರು ಓಡಿಸ್ತಿದ್ದದ್ದು ಚಿಕ್ಕಪ್ಪ, ನಮ್ಮಪ್ಪನ ತಮ್ಮ. ಊರೆಲ್ಲ ಅವರನ್ನ ‘ಆಯ್ತಾಯ್ತು’ ಅಂತಲೇ ಕರೀತಿದ್ದದ್ದು. ಸ್ಟೇಷನ್ನಿಗೆ ಬಿಡು ಅಂದ್ರೆ ಆಯ್ತಾಯ್ತು, ದಾರೀಲಿ ಅತ್ತೆ ಮನೆ ಹತ್ರ ಒಂದು ಗಳಿಗೆ ನಿಲ್ಸು ಅಂದ್ರೆ ಆಯ್ತಾಯ್ತು, ಈ ಮೇಕೆ ಮರೀನೂ ಹತ್ತಿಸ್ಲಾ ಅಂದ್ರೂ ಆಯ್ತಾಯ್ತು! ಮದುವೆ ಮಾತ್ರ ಆಗ್ಲಿಲ್ಲ. ಎದೆ ವೀಕು. ಡಾಕ್ಟರು ಹೇಳಿದ್ರು, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸೋ ಕೆಲಸ ನೀವು ಮಾಡಕೂಡದು ಅಂತ. ಬೆಳಿಗ್ಗೆ ಅಪ್ಪ ಹ್ಯಾಂಡಲ್ ಹೊಡೆದುಕೊಟ್ರೆ ರಾತ್ರಿ ಮನೆಗೆ ಬರೋವರೆಗೂ ಚಿಕ್ಕಪ್ಪ ಎಂಜಿನ್ ಆರಿಸ್ತಿರಲಿಲ್ಲ.

“ನಿಲ್ಲಿಸಿದಾಗ ಪೆಡಲ್ ಬಿಟ್ಟು ಚಕ್ರಾನ ತಟ್ಟೆಯಿಂದ ದೂರ ಸರಿಸಬೇಕು. ಅದು ನಿಯಮ. ಚಿಕ್ಕಪ್ಪ ಸರಿಸ್ತಿರಲಿಲ್ಲ. ಸರಿಯಾಗಿ ನಡುವಿಗೆ ತಂದು ಒತ್ತಿ ಹಿಡ್ಕೊಂಡು ಕೂರ್ತಿದ್ರು. ಯಾಕೆ ಅಂದ್ರೆ, ‘ಬಂದವರು ಬಂದ ತಕ್ಷಣ ಹೊರಡ್ಬೇಕಲ್ಲ ಮಗಳೇ, ಮಳೇಲಿ ನೆನೀತಾರೆ’ ಅಂತ. ಹೀಗೆ ಒತ್ತಿ ಹಿಡಿದ್ರೆ ಏನಾಗತ್ತೆ? ತಟ್ಟೆ ತಿರುಗ್ತಾ ಇರತ್ತೆ, ಕಾಗದ ನಿಂತಿರತ್ತೆ… ತಾಗಿದ ಒಂದೇ ಜಾಗ ಸವೆದೂ ಸವೆದೂ ಗುಳಿ ಬೀಳತ್ತೆ. ಆಮೇಲೆ ಚಕ್ರ ಒಂದು ಸುತ್ತು ಬಂದಾಗೆಲ್ಲ ಆ ಗುಳಿ ತಟ್ಟೆಗೆ ಬಡಿಯತ್ತೆ. ಟಕ್… ಟಕ್… ಟಕ್. ಅಪ್ಪ ಬೈಯೋರು…” ಅಜ್ಜಿ ಗಂಟಲು ಕೆರೆದು ಗಡಸು ದನಿ ಮಾಡಿದರು. “‘ಲೋ! ಕಾರು ಓಡಿಸ್ತೀಯೋ, ಗುಂಡಿ ತೋಡ್ತೀಯೋ?’ ಚಿಕ್ಕಪ್ಪ ಏನಂದ್ರು ಹೇಳಿ?”

“ಆಯ್ತಾಯ್ತು!” ಎಂದರು ಮೂವರೂ ಒಟ್ಟಿಗೆ. ಬೋರ್ಡಿನ ಚಿಂತೆ ಮರೆತು ಮೊಮ್ಮಗಳೂ ನಕ್ಕಿದ್ದಳು. ಅಜ್ಜಿ ನಗಲಿಲ್ಲ.

“ನಾನು ಆಗ ಆ ತಾಂತ್ರಿಕ ಶಾಲೇಲಿ ಡ್ರಾಯಿಂಗ್ ಕಲೀತಿದ್ದೆ. ತರಗತಿಗೆ ನಾನೊಬ್ಳೇ ಹುಡುಗಿ. ಸಾಯಂಕಾಲ ಐದಕ್ಕೆ ಶಾಲೆ ಬಿಡೋದು, ನಾಲ್ಕೂವರೆಗೇ ಚಿಕ್ಕಪ್ಪ ಗೇಟಿನ ತಿರುವಲ್ಲಿ ಹಾಜರು. ಅರ್ಧ ಗಂಟೆ ಎಂಜಿನ್ ಓಡ್ತಾ, ಕಾರು ನಿಂತ್ಕೊಂಡು… ಚಕ್ರ ನಡುವಲ್ಲಿ. ಹೀಗಾಗಿ ವಾರಕ್ಕೊಂದು ಗುಳಿ, ವಾರಕ್ಕೊಂದು ಬಳೆ. ಭಾನುವಾರ ನಾನು ನುಣ್ಣಗೆ ಮಾಡಿಕೊಡೋದು, ಬುಧವಾರಕ್ಕೆ ಟಕ್ ಶುರು. ಬೀದಿ ಆ ತುದೀಲಿರೋವಾಗಲೇ ತರಗತಿಗೆ ಕೇಳಿಸೋದು. ಮೇಷ್ಟ್ರು ಮೂಗಲ್ಲಿ ಮಾತಾಡೋರು, ‘ಏನಮ್ಮಾ, ನಿನ್ನ ಗಡಿಯಾರ ಬಂತು ನೋಡು, ನನ್ನದು ಐದು ನಿಮಿಷ ಹಿಂದಿದೆ.’ ಹುಡುಗರು ಮೇಜು ಬಡಿಯೋರು… ಟಕ್, ಟಕ್, ಟಕ್. ಕಾರಿಗೆ ಗೇರಿರಲಿಲ್ಲ, ಗೇಲಿಗೆ ಬರ ಇರಲಿಲ್ಲ. ನನಗೋ, ಹತ್ತೊಂಬತ್ತರ ವಯಸ್ಸು, ಮೂಗಿನ ತುದೀಲಿ ಕೋಪ. ಕಾರಿನಲ್ಲಿ ಮುಖ ಮುಚ್ಕೊಂಡು ಕೂರ್ತಿದ್ದೆ.

“ಆ ಗುಳಿ ಯಾಕೆ ಬಿತ್ತು? ನನಗೋಸ್ಕರ ಕಾದು ಬಿತ್ತು. ನನಗೆ ಕಾದ ಗುರುತಿಗೇ ನಾನು ನಾಚಿಕೊಂಡೆ… ಆ ವಯಸ್ಸಲ್ಲಿ ಇದೆಲ್ಲ ಎಲ್ಲಿ ತಲೆಗೆ ಹೋಗತ್ತೆ?”

ಮಾಡಿನ ಮೇಲೆ ಮೊಳೆ ಸುರಿಯುವುದು ಸ್ವಲ್ಪ ಕಡಿಮೆಯಾಯಿತು. ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

“ಗೋಡೆ ಮೇಲಿರೋ ಆ ಫೋಟೋ ಒರೆಸಿ ತಾ.”

ಆ ಫೋಟೋ ಎಲ್ಲರಿಗೂ ಗೊತ್ತಿದ್ದದ್ದೇ. ಡ್ರಾಯಿಂಗ್ ಹಲಗೆ ಹಿಡಿದ ಐದು ಜನ ಹುಡುಗರು, ನಡುವೆ ಎರಡು ಜಡೆಯ ಒಬ್ಬ ಹುಡುಗಿ, ಎಲ್ಲರೂ ಬಾಯಿ ತುಂಬ ನಗುತ್ತಿದ್ದರು. ಮೊಮ್ಮಗಳು ಚಿಕ್ಕಂದಿನಿಂದ ಅದನ್ನು ನೋಡಿ, ನನ್ನ ಅಜ್ಜಿ ಎಷ್ಟು ಚೆನ್ನಾಗಿ ನಗುತ್ತಿದ್ದಳು ಎಂದುಕೊಂಡೇ ಬೆಳೆದವಳು. ಅಜ್ಜಿ ಮಾತ್ರ ಯಾವಾಗಲೂ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಈಗಲೂ ಅವರು ಫೋಟೋವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಗಾಜಿನ ಮೇಲೆ ಒಂದು ಬೆರಳಿಟ್ಟರು ಅಷ್ಟೆ.

“ಕೊನೇ ಪರೀಕ್ಷೆ ಮುಗಿದ ದಿನ. ಇವತ್ತಿನ ಥರವೇ ಮಳೆ. ಎಲ್ಲರೂ ಸೇರಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸೋದು ಅಂತ ಆಯ್ತು. ಹೊರಗೆ ನೋಡಿದ್ರೆ ಟಕ್… ಟಕ್… ಬಂದೇಬಿಟ್ಟಿದೆ. ‘ಅವರನ್ನ ಕರಿ, ನಿನ್ನ ಟಕ್ಕಿನ ರಥದಲ್ಲೇ ಎಲ್ಲರೂ ಹೋಗೋಣ’ ಅಂತ ಒಬ್ಬ ಅಂದ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಗೇಟಿಗೆ ಓಡಿ ಹೋಗಿ ಹೇಳ್ದೆ, ‘ಚಿಕ್ಕಪ್ಪ, ಸ್ವಲ್ಪ ಕೆಲಸ ಇದೆ, ಹತ್ತು ನಿಮಿಷ… ಬಂದೆ.’

“ಅವರ ಮೀಸೇಲಿ ನೀರು ತೊಟ್ಟಿಕ್ತಿತ್ತು. ‘ಆಯ್ತಾಯ್ತು ಮಗಳೇ, ನಿಧಾನ ಬಾ, ಜಾರೀತು’ ಅಂದ್ರು. ಹಿಂದಿನ ಸೀಟಿಗೆ ನೀರು ಹೊಡೀದ ಹಾಗೆ ತಮ್ಮ ಕೋಟು ಬಿಚ್ಚಿ ಹಾಸಿದ್ರು. ನಾನು ಕೂರೋ ಜಾಗಕ್ಕೆ… ತಾವು ಬರೀ ಅಂಗಿ.

“ನಾನು ಒಳಗೆ ಹೋದೆ. ಹಿಂದಿನ ಗೇಟಿಂದ ಆಚೆ ಹೋದೆ.

“ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡ್ತಾರೆ, ಹೋಗ್ತಾರೆ ಅಂದ್ಕೊಂಡೆ. ಅದು ಸುಳ್ಳು. ಹಾಗೆ ನಾನು ಅಂದ್ಕೊಂಡಿರಲಿಲ್ಲ. ಅವರು ಹೋಗಲ್ಲ ಅಂತ ನನಗೆ ಗೊತ್ತಿತ್ತು… ಯಾರನ್ನೂ ಬಿಟ್ಟು ಹೋದವರಲ್ಲ ಅವರು. ಗೊತ್ತಿದ್ದೂ ಹೋದೆ. ಫೋಟೋ ತೆಗೆಸಿ, ಟೀ ಕುಡಿದು, ಎಲ್ಲರೂ ನನ್ನನ್ನ ಮನೆವರೆಗೂ ನಡೆಸ್ಕೊಂಡು ಬಂದಾಗ ದೀಪ ಹಚ್ಚೋ ಹೊತ್ತು. ಅಪ್ಪ ಕೇಳಿದ್ರು, ‘ಕಾರೆಲ್ಲಿ?’

“ಅಪ್ಪ ಓಡಿದ್ರು. ಹಿಂದೆ ನಾನೂ ಓಡಿದೆ. ತಿರುವಿನಲ್ಲಿ ಕಾರಿತ್ತು. ಎಂಜಿನ್ ಓಡ್ತಿತ್ತು, ಗಾಡಿ ನಿಂತಿತ್ತು. ಚಿಕ್ಕಪ್ಪ ನೆಟ್ಟಗೆ ಕೂತಿದ್ರು. ಒಂದು ಕೈ ಕೋಲಿನ ಮೇಲೆ, ಮುಖ ಶಾಲೆ ಬಾಗಿಲ ಕಡೆ. ಅಪ್ಪ ಭುಜ ಮುಟ್ಟಿದ್ರು… ಸುಸ್ತಾಗಿ ಕೂತಿದಾರೆ ಅಂತ್ಲೇ ಅಂದ್ಕೊಂಡ್ರು. ಮೈ ಆಗಲೇ ತಣ್ಣಗಾಗಿತ್ತು. ಕಾಲು ಮಾತ್ರ ಪೆಡಲ್ ಮೇಲೆ ಹಾಗೇ ಬಿಗಿದಿತ್ತು, ಬಿಡಿಸೋಕೆ ಇಬ್ಬರು ಬೇಕಾಯ್ತು.”

ವೆಲ್ಡರ ಬೆರಳ ಮೇಲಿನ ಮುಚ್ಚಳ ಎಂದೋ ನಿಂತಿತ್ತು. ಮೊಮ್ಮಗಳು ಫೋಟೋ ನೋಡಿದಳು. ಎರಡು ಜಡೆಯ ಹುಡುಗಿ ನಗುತ್ತಲೇ ಇದ್ದಳು.

“ಚಕ್ರ ಬಿಚ್ಚಿ ಅಪ್ಪ ನನ್ನ ಮುಂದೆ ಇಟ್ರು. ಗುಳಿ ಎಷ್ಟು ಆಳ ಅಂತೀರಾ? ನನ್ನ ಹೆಬ್ಬೆರಳು ಪೂರ್ತಿ ಕೂತ್ಕೊಳ್ತು. ಹತ್ತು ನಿಮಿಷದ ಗುಳಿ ಅಲ್ಲ ಅದು. ಅಪ್ಪ ಒಂದು ಮಾತೂ ಕೇಳಲಿಲ್ಲ. ‘ಹೊಸ ಬಳೆ ಮಾಡು’ ಅಂದ್ರು ಅಷ್ಟೇ. ನಲವತ್ತು ಬಳೆ ಅಂಟಿಸಿದೆ, ಮೂರು ದಿನ ಬಿಗಿದೆ, ಕನ್ನಡಿ ಥರ ನುಣುಪು ಮಾಡಿದೆ. ಹೊಸ ಡ್ರೈವರು ಬಂದ. ಊರೆಲ್ಲ ಓಡಿತು, ಟಕ್ ಅಂತ ಒಂದು ಸದ್ದಿಲ್ಲ. ಆ ತಿರುವಿಗೆ ಬಂತು ನೋಡಿ… ಎಂಜಿನ್ ಓಡ್ತಿದೆ, ಗಾಡಿ ನಿಂತಿದೆ. ಕೋಲು ಎಳೆದ್ರೂ ಅಷ್ಟೇ, ತಳ್ಳಿದ್ರೂ ಅಷ್ಟೇ. ಆಮೇಲೆ ತನಗೆ ತಾನೇ ಟಕ್… ಟಕ್… ಟಕ್. ಮನೆಗೆ ತಂದು ಬಿಚ್ಚಿ ನೋಡಿದ್ರೆ ಬಳೆ ಕನ್ನಡಿ ಥರ ಹಾಗೇ ಇದೆ! ಮೂರು ಡ್ರೈವರು ಕೆಲಸ ಬಿಟ್ರು. ಆಗಿಂದ ನಾನು ಕೆರೆ ಸುತ್ತಿ ಓಡಾಡೋದು.

“ಕೊನೆಗೆ ಅಪ್ಪ ಒಂದು ದಿನ ತಟ್ಟೆ, ಚಕ್ರ ಎಲ್ಲ ಕಿತ್ತು ಹಾಕಿ ಹಲ್ಲಿನ ಗೇರು ಕೂರಿಸಿದ್ರು. ‘ಹಲ್ಲಿರೋದು ಕಚ್ಚತ್ತೆ, ಕಾಯಲ್ಲ’ ಅಂದ್ರು. ನಿಜ… ಸದ್ದು ನಿಂತೇ ಹೋಯ್ತು. ಆಮೇಲೆ ಊರಿಗೆಲ್ಲ ಗೇರಿನ ಗಾಡಿಗಳೇ. ಕಟಕ್ ಅಂತ ಒಂದು, ಕಟಕ್ ಅಂತ ಎರಡು. ನಡುವೆ ನಿಂತು ಕಾಯೋಕೆ ಜಾಗವೇ ಇಲ್ಲ. ಅರವತ್ತು ವರ್ಷ… ಚಿಕ್ಕಪ್ಪ ಕಾದೂ ಕಾದೂ ಹೊರಟುಹೋದ್ರು ಅಂತಲೇ ನಾನು ಅಂದ್ಕೊಂಡಿದ್ದೆ.” ಅವರು ಹೊಟ್ಟೆ ಬಿಚ್ಚಿದ ಸ್ಕೂಟರಿನ ಕಡೆ ಕೈ ಮಾಡಿದರು. “ಈಗ ನೀವು ಮತ್ತೆ ಹಲ್ಲಿಲ್ಲದ ಗಾಡಿ ತಂದ್ರಿ. ಗಾಲಿ ಅಗಲ ಆಗತ್ತೆ, ಕಿರಿದಾಗತ್ತೆ, ಬೆಲ್ಟು ಮೇಲೇರತ್ತೆ, ಕೆಳಗಿಳಿಯತ್ತೆ… ಅದೇ ಜಾರೋ ಕತೆ, ಹೊಸ ಅಂಗಿ ತೊಟ್ಕೊಂಡು ಬಂದಿದೆ.”

ಔಷಧಿ ಅಂಗಡಿಯವರು ನಗಲು ನೋಡಿದರು, ಆಗಲಿಲ್ಲ. “ಕತೆ ಚೆನ್ನಾಗಿದೆ ಅಜ್ಜಿ… ಆದ್ರೆ ಬೆಲ್ಟು ಜಾರಿದ್ರೆ ಎಲ್ಲಿ ಬೇಕಾದ್ರೂ ಜಾರಬಹುದಲ್ವಾ?”

“ಇರಬಹುದು ಸ್ವಾಮಿ. ಒಂದೇ ಒಂದು ಮಾತು ಹೇಳಿ. ನೀವು ಒಬ್ಬರೇ ಇದ್ದಾಗ ಮಾತ್ರ ತಾನೇ ಸದ್ದು? ಹಿಂದಿನ ಸೀಟಲ್ಲಿ ಯಾರಾದ್ರೂ ಇದ್ರೆ… ಬರಲ್ಲ ಅಲ್ವಾ?”

ಔಷಧಿ ಅಂಗಡಿಯವರ ಕೈಯಲ್ಲಿದ್ದ ಕರವಸ್ತ್ರ ಜಾರಿ ನೆಲಕ್ಕೆ ಬಿತ್ತು.

“ಮಗಳು ಕೂತಿದ್ದ ದಿನ… ಒಂದು ದಿನವೂ ಬಂದಿಲ್ಲ” ಎಂದರು, ತಮಗೇ ಹೇಳಿಕೊಳ್ಳುವಂತೆ. “ಇದನ್ನ ನಾನು ಯಾರಿಗೂ ಹೇಳಿಲ್ಲ. ನನಗೇ ಈಗ ಹೊಳೀತು. ನಿಮಗೆ ಹೇಗೆ…?”

ಅಜ್ಜಿ ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ಮಳೆಯ ಬೆಳಕಿಗೆ ಕಣ್ಣು ಕಿರಿದು ಮಾಡಿದರು.

“ಗಂಟೆ ಎಷ್ಟೇ?”

“ನಾಲ್ಕೂವರೆ ಅಜ್ಜಿ.”

“ಬೆಲ್ಟು ಕೂರಿಸು. ಸ್ವಾಮಿ, ನಿಮ್ಮ ಗಾಡಿ ಇವಳೇ ಓಡಿಸ್ಕೊಂಡು ಬಂದು ನೋಡ್ಲಿ. ಹಿಂದೆ ನಾನು ಕೂರ್ತೀನಿ. ಗೇಟಿನ ಹತ್ರ ನನ್ನನ್ನ ಇಳಿಸಿ, ಇವಳು ಒಬ್ಳೇ ಒಂದು ಸುತ್ತು ಹಾಕ್ಲಿ. ನಾಳೆಯಿಂದ ಸದ್ದು ಬರಲ್ಲ. ಬಂದ್ರೆ ಬೋರ್ಡು ನಾನೇ ಇಳಿಸ್ತೀನಿ.”

“ನೀವು ಅಲ್ಲಿ ಇಳಿದು ಏನ್ ಮಾಡ್ತೀರಿ ಅಜ್ಜಿ?” ಎಂದ ವೆಲ್ಡರು. ಅವನ ದನಿಯಲ್ಲಿ ಕಿಡಿ ಇರಲಿಲ್ಲ.

“ಏನಿಲ್ಲ ಕಣೋ. ಚಿಕ್ಕಪ್ಪ ಬರೋವರೆಗೂ ಈ ಸಲ ನಾನು ಕಾಯ್ತೀನಿ.”

ಮಳೆ ನಿಲ್ಲುವ ಹಾಗಿತ್ತು. ಮೊಮ್ಮಗಳು ಬೆಲ್ಟು ತೆಗೆದುಕೊಳ್ಳಲೆಂದು ಮೇಜಿನ ಕಡೆ ತಿರುಗಿದಳು, ಕೈ ಚಾಚಿದಳು, ಹಾಗೇ ನಿಂತಳು. ಬೆಲ್ಟು ಮೇಜಿನ ಮೇಲೇ ಇತ್ತು. ಸ್ಕೂಟರಿನ ಕೀಲಿ ಔಷಧಿ ಅಂಗಡಿಯವರ ಜೇಬಿನಲ್ಲಿತ್ತು. ಬಿಚ್ಚಿದ ಹೊಟ್ಟೆಯೊಳಗಿಂದ, ಏನೂ ಅವಸರವಿಲ್ಲದವರಂತೆ, ಮೆಲ್ಲಗೆ…

ಟಕ್.

ವೆಲ್ಡರು ಟೈರಿನಿಂದ ಎದ್ದು ನಿಂತ. ಮತ್ತೊಮ್ಮೆ, ಟಕ್. ಅಜ್ಜಿಯೊಬ್ಬರೇ ಬೆಚ್ಚಲಿಲ್ಲ. ಸ್ಕೂಟರಿನ ಹತ್ತಿರ ಬಂದು, ತಡವಿ ತಡವಿ ಅದರ ಹಿಂದಿನ ಸೀಟು ಹುಡುಕಿ, ಶಾಲಿನ ತುದಿಯಿಂದ ಒದ್ದೆ ಒರೆಸಿದರು.

“ಆಯ್ತಾಯ್ತು ಚಿಕ್ಕಪ್ಪ” ಎಂದರು, “ಬಂದೆ. ಹತ್ತು ನಿಮಿಷ ಅಂದಿದ್ದೆ… ಸ್ವಲ್ಪ ತಡ ಆಯ್ತು.”